ಹದಿನೇಳನೆಯ ಗೂಟ

ಮಂಗಳವಾರ ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿಗೆ ರಜೆ.
ವಾಲ್ನೂರಿನ ಮಡುವಿಗೆ ನಾನೂ ಉಮ್ಮರ್ ಕಾಕನೂ
ತಲುಪುವ ಹೊತ್ತಿಗೆ ಮಂಜು ಎದ್ದು ಹೋಗಿರುತ್ತದೆ.
ಆತುರವೇನು, ಹೊಳೆ ಅಲ್ಲೇ ಇರುತ್ತದೆ.
ಇರುವುದಿಲ್ಲ, ಗೊತ್ತು. ಆದರೂ.

ರಾಗಿಹಿಟ್ಟನ್ನು ಕಾಕ ಮನೆಯಲ್ಲೇ ಬೇಯಿಸಿ ತರುತ್ತಾರೆ.
ನಿಂಬೆಗಾತ್ರ ಉರುಟಿ, ಗಾಳ ಕಾಣದ ಹಾಗೆ ಮೆತ್ತಿ,
ಒಂದು ಎಸೆತಕ್ಕೆ ಎರಡು ಬೀಡಿ. ಅದು ಅವರ ಲೆಕ್ಕ.
ನೂಲು ತೋರುಬೆರಳಿನ ಮೇಲೆ ಕೂತಿರಬೇಕು
ಮಲಗಿದ ಮಗುವಿನ ಜ್ವರ ನೋಡುವಷ್ಟು ಹಗುರಾಗಿ.
ಪುಡಿಮೀನು ಕುಟ್ಟುತ್ತದೆ, ಟಕ್ ಟಕ್, ಸಾಲಗಾರನಂತೆ.
ಮಹಶೀರ್ ಕುಟ್ಟುವುದಿಲ್ಲ;
ಮನೆ ತನ್ನದೇ ಎಂಬಂತೆ ಬಾಗಿಲು ಎಳೆದುಕೊಂಡು ಹೋಗುತ್ತದೆ.
ವರ್ಷಕ್ಕೆ ನಾಲ್ಕು ಸಲ, ಹೆಚ್ಚೆಂದರೆ ಐದು.
ಉಳಿದ ಮಂಗಳವಾರ
ನೀರುನಾಯಿಗಳು ನಮ್ಮನ್ನು ನೋಡಿ ಬೇಸತ್ತು ಮುಳುಗುತ್ತವೆ.

ಜನವರಿಯ ಪಂದ್ಯಕ್ಕೆ ಮಾತ್ರ
ಅದೇ ದಂಡೆಯಲ್ಲಿ ಮೂವತ್ತು ಗೂಟ, ಮೂವತ್ತು ನಂಬರು.
ಅದೇ ಉಮ್ಮರ್ ಕಾಕ, ಇಸ್ತ್ರಿ ಶರಟು,
ಮೂವತ್ತೊಂದು ವರ್ಷ ವಿರಾಜಪೇಟೆ ಬಸ್ಸು ಓಡಿಸಿದ
ಕಂಡಕ್ಟರ್ ಸೀಟಿ ಬಾಯಲ್ಲಿ.
ನನ್ನನ್ನು ಕಂಡರೂ ಕಾಣದ ಮುಖ.
ಆರೂವರೆಗೆ ಊದಿದರು ನೋಡಿ,
ಅಕ್ಕಪಕ್ಕದ ರೀಲುಗಳೆಲ್ಲ ಒಟ್ಟಿಗೆ ಕಿರುಚಿದವು.

ಚೀಟಿಯಲ್ಲಿ ನನಗೆ ಬಂದದ್ದು ಹದಿನೇಳು.
ನಮ್ಮ ಮಡುವೇ! ನಾವು ಕೂರುವ ಬಂಡೆಯೇ!
ಒಳಗೊಳಗೇ ಕಪ್ಪಿಗೆ ಜಾಗ ಹುಡುಕಿದೆ, ಟಿವಿಯ ಪಕ್ಕ.
ಆದರೆ ಬೆರಳಿಗೆ ನೂಲು ಕೇಳಿಸಲಿಲ್ಲ.
ಹದಿನಾರರ ಹುಡುಗ ಮಡಿಕೇರಿಯವನು, ಕಪ್ಪು ಕನ್ನಡಕ,
ನಿಮಿಷಕ್ಕೆರಡು ಸಲ ಸ್ಪೂನು ಎಸೆದು ಸುತ್ತುತ್ತಿದ್ದ.
ನಾನೂ ರಾಗಿ ಬಿಟ್ಟೆ, ಸ್ಪೂನು ಕಟ್ಟಿದೆ,
ಮಡುವಿನ ತಲೆಗೆ, ಬಾಲಕ್ಕೆ, ಹೊಳೆಮತ್ತಿಯ ಬೇರಿಗೆ,
ಎಸೆದೆ, ಸುತ್ತಿದೆ, ಎಸೆದೆ,
ಬೀಡಿ ಹಚ್ಚಿದ ನೆನಪು, ಸೇದಿದ ನೆನಪಿಲ್ಲ.
ಹುಡುಗನಿಗೆ ಒಂದು. ಆಮೇಲೆ ಇನ್ನೊಂದು.

ಉಳಿದದ್ದು ಇಪ್ಪತ್ತು ನಿಮಿಷ. ಎಸೆಯದೆ ಉಳಿದದ್ದು
ಪಂಪ್ ಶೆಡ್ಡಿನ ಕೆಳಗಿನ ಮೂಲೆ.
ಹೂಮಳೆ ಕೈಕೊಟ್ಟ ವರ್ಷ ತೋಟಕ್ಕೆ ನೀರು ಹಾಯಿಸುವ ಶೆಡ್ಡು.
ಅದರ ಫುಟ್‌ವಾಲ್ವು ನಾನೇ ಮೂರು ಸಲ ಬದಲಿಸಿದ್ದೇನೆ,
ಎದೆಮಟ್ಟ ನೀರಲ್ಲಿ, ಬೈದುಕೊಂಡು.
ಡೀಸೆಲ್ ವಾಸನೆ, ತುಕ್ಕು, ಬಾಕಿ ಬಿಲ್ಲು.
ರಜೆಯ ದಿನ ಯಾರು ಅಂಗಡಿಯ ಕಡೆ ಮುಖ ಹಾಕುತ್ತಾರೆ?
ಒಂಬತ್ತು ವರ್ಷ ಆ ಮೂಲೆಗೆ ಬೆನ್ನು ಹಾಕಿ ಕೂತಿದ್ದೆ.

ಎಸೆದೆ. ಸ್ಪೂನು ಮುಳುಗುವ ಮೊದಲೇ
ಹೊಳೆ ನನ್ನ ಕೈಯಿಂದ ರಾಡನ್ನು ಕೇಳಿತು.

ಹನ್ನೊಂದು ನಿಮಿಷ ಎಂದರು ಆಮೇಲೆ. ನನಗೆ ಗೊತ್ತಿಲ್ಲ.
ಮಂಡಿಯೂರಿದ್ದೆ, ಎಡಮೊಣಕೈ ತರಚಿತ್ತು,
ದೇಚಮ್ಮ ಟೀಚರು ಅಳತೆಯ ಹಲಗೆ ಒದ್ದೆ ಮಾಡಿ ತಂದು
‘ಬೇಗ, ಅದಕ್ಕೆ ಉಸಿರಾಟ ಬೇಕು’ ಎಂದರು.
ಮೂತಿಯಿಂದ ಬಾಲದವರೆಗೆ ಒಂದು ಸಂಖ್ಯೆ.
ಹಿತ್ತಾಳೆ ಬಣ್ಣದ ಹುರುಪೆ, ಒಂದೊಂದೂ ಹಳೇ ನಾಣ್ಯದಗಲ,
ಎಣಿಸಬೇಕೆನಿಸಿತು. ಮಂಗಳವಾರವಾಗಿದ್ದರೆ ಎಣಿಸುತ್ತಿದ್ದೆ.
ನೀರಿಗೆ ಮುಖ ಮಾಡಿ ಹಿಡಿದೆ, ಬಾಲ ಒಮ್ಮೆ ಒದೆಯಿತು,
ಕೈ ಖಾಲಿ.
ನನಗೆ ಮೂರನೆಯ ಸ್ಥಾನ. ಒಂದು ಫ್ಲಾಸ್ಕು.

ಆತುರ ಕೆಟ್ಟದ್ದೆಂದು ಹೇಳಿಕೊಂಡು ಬಂದವನು ನಾನು.
ಆ ಮೂಲೆ ತೋರಿಸಿದ್ದು ಆತುರವೇ,
ಈಗ ಏನು ಹೇಳಲಿ.

ಮುಂದಿನ ಮಂಗಳವಾರ, ಅದೇ ಬಂಡೆ.
ಫ್ಲಾಸ್ಕಿನಲ್ಲಿ ಕಟ್ಟಂಚಾಯ, ಸೀಟಿ ಕಾಕನ ಜೇಬಿನಲ್ಲಿ.
ಈ ಸಲ ಶೆಡ್ಡಿನ ಕಡೆ ಮುಖ ಮಾಡಿ ಕೂತೆವು.
ರಾಗಿ ಉರುಟಿ ಕೈಯಲ್ಲೇ ಹಿಡಿದಿದ್ದೆ, ತುಂಬ ಹೊತ್ತು.
ಅಲ್ಲಿ ನೀರು ಹಸಿರಾಗಿ, ನಿಧಾನ, ಒಮ್ಮೆ
ಒಳಗಿನಿಂದ ಯಾರೋ ಹೊದಿಕೆ ಸರಿಸಿದಂತೆ ಉಬ್ಬಿತು.

ಕಾಕ ಕಣ್ಣು ಮುಚ್ಚಿಕೊಂಡೇ ಕೇಳಿದರು:
‘ರೈಟ್?’

‘ಹೋಲ್ಡಾನ್,’ ಎಂದೆ.